ಕೂಸಿನ ಸಲುವಾಗಿ ಸ್ವಿಟ್ಜರ್ಲೆಂಡ್

ಕಲಬುರಗಿಯಲ್ಲಿ ಈಗ ಪ್ಲಾಟ್ ತಗೊಂಡೆ, ಕಾರು ತಗೊಂಡೆ ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ತಲೆ ಎತ್ತಬೇಕು ಅಂದರೆ ಫಾರಿನ್ ಟೂರ್ ಆಗಬೇಕು. ಅದೂ ಗಂಡ ಹೆಂಡತಿ ಇಬ್ಬರೇ ಹೋದರೆ ಮಂದಿ ಸುಮ್ನೆ ಬಿಡುವುದಿಲ್ಲ. "ರೊಕ್ಕ ಜಾಸ್ತಿ ಆಗ್ಯಾವ ನೋಡ್ರಿ" ಅಂತ ಶುರು ಮಾಡುತ್ತಾರೆ. ಅದಕ್ಕೇ ಒಂದು ಕೂಸು ಬೇಕು. ಕೂಸನ್ನು ಮುಂದೆ ಮಾಡಿದರೆ ಎಲ್ಲರ ಬಾಯಿ ಬಂದ್. "ನಮಗೇನ್ ಆಸೆ ಇಲ್ರಿ. ಎಲ್ಲಾ ಕೂಸಿನ ಸಲುವಾಗಿ. ಜಗತ್ತು ನೋಡ್ಲಿ ಅಂತ."

ನಮ್ಮ ಓಣಿಯಲ್ಲಿ ಜಗತ್ತು ನೋಡಲು ಹೊರಟಿರುವ ಕೂಸಿಗೆ ಈಗಷ್ಟೇ ಎರಡು ದಾಟಿದೆ. ಇದುವರೆಗೆ ಅದು ಮನಸ್ಸಿಟ್ಟು ನೋಡಿರುವ ಜಗತ್ತು ಒಂದೇ, ಮನೆ ಮುಂದಿನ ಜೆಸಿಬಿ. ನೀರಿನ ಪೈಪಿಗೆ ಒಮ್ಮೆ, ಒಳಚರಂಡಿಗೆ ಒಮ್ಮೆ, ಕೇಬಲ್ಲಿಗೆ ಇನ್ನೊಮ್ಮೆ ಅಂತ ನಮ್ಮ ರಸ್ತೆ ಅಗೆಯುವುದು ನಿಲ್ಲುವುದೇ ಇಲ್ಲ. ಆ ಹಳದಿ ಯಂತ್ರದ ಸದ್ದು ಕೇಳಿದರೆ ಕೂಸು ಬಾಯಲ್ಲಿದ್ದ ತುತ್ತು ಬಿಟ್ಟು ಗೇಟಿಗೆ ಅಂಟಿಕೊಳ್ಳುತ್ತದೆ. ಆದರೆ ಮಗನಿಗೆ ಜೆಸಿಬಿ ತೋರಿಸಿದೆವು ಅಂತ ಸ್ಟೇಟಸ್ ಹಾಕಲು ಬರುವುದಿಲ್ಲವಲ್ಲ. ಹಾಗಾಗಿ ಸ್ವಿಟ್ಜರ್ಲೆಂಡಿನ ಹಿಮದ ಬೆಟ್ಟ ಯುಂಗ್‌ಫ್ರೌ. ಅಲ್ಲಿ 3,454 ಮೀಟರ್ ಎತ್ತರದಲ್ಲಿ ಒಂದು ರೈಲ್ವೆ ಸ್ಟೇಷನ್ ಇದೆ. ಅಲ್ಲಿ ಇಳಿದರೆ ಕೂಸಿಗೆ ಐಸ್ ಕಾಣುತ್ತದೆ. ನಮ್ಮೂರ ಸೂಪರ್ ಮಾರ್ಕೆಟ್ ಬಜಾರಿನ ಕಬ್ಬಿನ ಹಾಲಿನ ಗಾಡಿಯಲ್ಲಿ ಕಂಡ ಐಸ್ ಲೆಕ್ಕಕ್ಕಿಲ್ಲ.

ಸ್ವಿಟ್ಜರ್ಲೆಂಡೇ ಯಾಕೆ ಅಂತ ಕೇಳಬೇಡಿ. ಮೊದಲು ಕೂಸಿನ ಮನೆಯವರು ಥಾಯ್ಲೆಂಡ್ ಅಂದುಕೊಂಡಿದ್ದರು. ಹತ್ತಿರ, ಸೋವಿ. ಆದರೆ ಥಾಯ್ಲೆಂಡ್ ಅಂದ ಕೂಡಲೇ ಗಂಜ್ ಮಾರುಕಟ್ಟೆಯ ಗೆಳೆಯರು ಕಣ್ಣು ಹೊಡೆದರು. ದುಬೈಗೆ ಓಣಿಯ ಎಲೆಕ್ಟ್ರಿಷಿಯನ್ ಹೋಗಿ ನಾಲ್ಕು ವರ್ಷ ದುಡಿದು ಬಂದಿದ್ದಾನೆ, ಅದರಲ್ಲೇನು ಹೆಚ್ಚುಗಾರಿಕೆ? ಸಿಂಗಾಪುರಕ್ಕೆ ಷಡ್ಡಕ ಹೋಗಿ ಬಂದ. ಷಡ್ಡಕ ಹೋದ ಊರಿಗೆ ಮತ್ತೆ ಹೋಗುವುದು ನಮ್ಮ ಕಡೆ ಸೋಲು ಒಪ್ಪಿಕೊಂಡಂತೆ. ಉಳಿದದ್ದು ವೀಸಾ ಸುಲಭಕ್ಕೆ ಸಿಗದ ದೇಶ. ಸುಲಭಕ್ಕೆ ಸಿಗುವುದಿಲ್ಲ ಅನ್ನುವುದೇ ಅದರ ಬೆಲೆ.

ವಯಸ್ಸಿನದೂ ಒಂದು ಕಥೆ ಇದೆ. ಎರಡು ವರ್ಷದೊಳಗಿನ ಕೂಸು ವಿಮಾನದಲ್ಲಿ ತೊಡೆ ಮೇಲೆ ಕೂತು ಕಡಿಮೆ ದುಡ್ಡಿಗೆ ಹೋಗಬಹುದು. ಎರಡು ತುಂಬಿದರೆ ಅದಕ್ಕೂ ಒಂದು ಸೀಟು. ಇದನ್ನು ಕೇಳಿ ಅಜ್ಜ ನಕ್ಕುಬಿಟ್ಟರು. "ಅದಕ್ಯಾಕ ಚಿಂತಿ? ಇನ್ನೂ ಎರಡು ಆಗಿಲ್ಲ ಅಂತ ಹೇಳ್ರಿ, ಆಯ್ತು." ಅವರದು ಸರ್ಕಾರಿ ಬಸ್ಸಿನ ಅನುಭವ. ಕಂಡಕ್ಟರ್ ಹತ್ತಿರ ಬಂದಾಗ ಮೊಮ್ಮಕ್ಕಳ ಮೊಣಕಾಲು ಮಡಚಿಸಿ, ತಲೆ ಮೇಲೆ ಟವೆಲ್ ಹೊದಿಸಿ ಮಲಗಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ತಾರೀಕು ಇರುತ್ತದೆ ಅಂತ ತಿಳಿಸಿ ಹೇಳುವ ಹೊತ್ತಿಗೆ ಸಾಕಾಯಿತು. ಆ ತಾರೀಕಿಗೂ ಪುರಾವೆ ಬೇಕು. 2023ರ ಅಕ್ಟೋಬರ್ 1 ಮತ್ತು ಅದರ ನಂತರ ಹುಟ್ಟಿದವರಿಗೆ ಜನನ ಪ್ರಮಾಣ ಪತ್ರ ಬಿಟ್ಟು ಬೇರೆ ಯಾವ ಕಾಗದವೂ ನಡೆಯುವುದಿಲ್ಲ. ಅಜ್ಜನ ಕಾಲದಲ್ಲಿ "ದೊಡ್ಡ ಮಳಿ ಬಂದ ವರ್ಷ ಹುಟ್ಟಿದ್ದು" ಅಂದರೆ ಸಾಕಿತ್ತು.

ಪಾಸ್‌ಪೋರ್ಟ್ ಅರ್ಜಿಗೆ ಸಹಿ ಬೇಕು. ಸಹಿ ಬಾರದವರು ಹೆಬ್ಬೆಟ್ಟು ಒತ್ತಬೇಕು. ಗಂಡಾದರೆ ಎಡಗೈದು, ಹೆಣ್ಣಾದರೆ ಬಲಗೈದು. ಆ ಮನೆಯಲ್ಲಿ ಮುತ್ತಜ್ಜ ಹೆಬ್ಬೆಟ್ಟು. ಅಜ್ಜ ಕಷ್ಟಪಟ್ಟು ಸಹಿ ಕಲಿತರು. ಅಪ್ಪ ಎಂಜಿನಿಯರ್. ಈಗ ಫಾರಿನ್ನಿಗೆ ಹೊರಟ ಕುಡಿ ಮತ್ತೆ ಹೆಬ್ಬೆಟ್ಟಿನಿಂದಲೇ ಶುರು ಮಾಡಿದೆ.

ಇದೆಲ್ಲ ಏನೂ ಅಲ್ಲ, ಫೋಟೋ ಕೇಳಿ. ನಾಲ್ಕು ವರ್ಷ ದಾಟಿದವರಿಗೆ ಪಾಸ್‌ಪೋರ್ಟ್ ಕೇಂದ್ರದಲ್ಲೇ ಫೋಟೋ ತೆಗೆಯುತ್ತಾರೆ. ಅದಕ್ಕಿಂತ ಸಣ್ಣವರದನ್ನು ನಾವೇ ತೆಗೆಸಿ ಒಯ್ಯಬೇಕು. ಹಿಂದೆ ಬಿಳಿ ಬಣ್ಣ. ಎರಡೂ ಕಣ್ಣು ತೆರೆದಿರಬೇಕು. ಬಾಯಿ ಮುಚ್ಚಿರಬೇಕು. ನೇರ ನೋಡಬೇಕು. ನಗಬಾರದು, ಅಳಬಾರದು. ಬೇರೆಯವರ ಕೈ, ಭುಜ ಏನೂ ಕಾಣಬಾರದು. ಇದನ್ನು ಬರೆದವರು ಎರಡು ವರ್ಷದ ಕೂಸನ್ನು ದೂರದಿಂದಲೂ ನೋಡಿಲ್ಲ ಅಂತ ನನ್ನ ಅನುಮಾನ. ಕೂಸಿಗೆ ಬರುವುದು ಎರಡೇ, ನಗು ಮತ್ತು ಅಳು. ಎರಡೂ ಇಲ್ಲದ ಮುಖ ಬೇಕು ಅಂದರೆ ಅದು ಕನಿಷ್ಠ ಹತ್ತು ವರ್ಷ ಸರ್ಕಾರಿ ನೌಕರಿ ಮಾಡಿರಬೇಕು.

ಸ್ಟುಡಿಯೋದಲ್ಲಿ ಮೊದಲ ಜಗಳ ದೃಷ್ಟಿ ಬೊಟ್ಟಿನದು. ಕೆನ್ನೆ ಮೇಲೆ ಕಾಡಿಗೆ ಬೊಟ್ಟು ಇಲ್ಲದೆ ಕ್ಯಾಮೆರಾ ಮುಂದೆ ಕೂಡಿಸಲು ಅಜ್ಜಿ ಒಪ್ಪಲಿಲ್ಲ. "ಅಷ್ಟು ದೇಶದ ಮಂದಿ ನೋಡ್ತಾರ, ಯಾರ ಕಣ್ಣು ಹೆಂಗಿರ್ತಾವೋ." ಬೊಟ್ಟು ಇದ್ದರೆ ಅದನ್ನು ಮಚ್ಚೆ ಅಂತ ತಿಳಿದು, ಮುಂದೆ ಮಚ್ಚೆ ಎಲ್ಲಿ ಅಂತ ಏರ್‌ಪೋರ್ಟಿನಲ್ಲಿ ಹಿಡಿದು ನಿಲ್ಲಿಸುತ್ತಾರೆ ಅಂತ ಸ್ಟುಡಿಯೋದವನು ಹೆದರಿಸಿದ. ಕಡೆಗೆ ಬೊಟ್ಟು ಅಂಗಾಲಿಗೆ ಇಳಿಯಿತು. ಆಮೇಲೆ ಅಪ್ಪ ಬಿಳಿ ಹಾಸಿಗೆ ಬಟ್ಟೆ ಹೊದ್ದುಕೊಂಡು ಕುರ್ಚಿಯಾದ. ಕೂಸು ಅವನ ತೊಡೆ ಮೇಲೆ. ಸ್ಟುಡಿಯೋದವನು ಕೀಲಿ ಗೊಂಚಲು ಅಲ್ಲಾಡಿಸಿದ, ಕೂಸು ನಕ್ಕಿತು. ಹಲ್ಲು ಕಂಡಿತು, ಫೋಟೋ ಹೋಯಿತು. ಕೀಲಿ ಜೇಬಿಗಿಟ್ಟ, ಕೂಸು ಅತ್ತಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಬೇಸಿಗೆಯಲ್ಲಿ ನಮ್ಮೂರಲ್ಲಿ ಫ್ಯಾನ್ ನಿಂತರೆ ಏನಾಗುತ್ತದೆ ಗೊತ್ತಲ್ಲ. ಬಿಳಿ ಬಟ್ಟೆಯೊಳಗಿದ್ದ ಅಪ್ಪ ತಾನೇ ಅಳುವ ಹಂತಕ್ಕೆ ಬಂದ. ಕೊನೆಗೆ ಬುದ್ಧಿ ಓಡಿದ್ದು ಅವ್ವನಿಗೆ. ಕ್ಯಾಮೆರಾ ಪಕ್ಕದಲ್ಲಿ ಮೊಬೈಲ್ ಹಿಡಿದು ಜೆಸಿಬಿ ವಿಡಿಯೋ ಹಚ್ಚಿದಳು. ಕೂಸಿನ ಮುಖ ಒಮ್ಮೆಲೇ ಗಂಭೀರವಾಯಿತು. ಬಾಯಿ ಮುಚ್ಚಿತು, ಕಣ್ಣು ಅಗಲವಾದವು, ಕುತ್ತಿಗೆ ನೆಟ್ಟಗಾಯಿತು. ಬಜೆಟ್ ಓದಲು ಎದ್ದು ನಿಂತ ಮಂತ್ರಿಯ ಮುಖ ಅದು. ಆ ಮುಖವೇ ಇನ್ನು ಐದು ವರ್ಷ ಪಾಸ್‌ಪೋರ್ಟಿನಲ್ಲಿ ಇರುತ್ತದೆ.

ವೀಸಾ ಅರ್ಜಿ ಇನ್ನೂ ಚೆಂದ. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ಷೆಂಗೆನ್ ದೇಶಗಳ ಅರ್ಜಿಯಲ್ಲಿ ಎಲ್ಲರಿಗೂ ಒಂದೇ ನಮೂನೆ. ವೈವಾಹಿಕ ಸ್ಥಿತಿ ಏನು? ಅವಿವಾಹಿತ, ವಿವಾಹಿತ, ವಿಚ್ಛೇದಿತ, ಗುರುತು ಹಾಕಿ. ಅಜ್ಜಿ ಈಗಾಗಲೇ ಸೋದರಮಾವನ ಮಗಳ ಮೇಲೆ ಕಣ್ಣಿಟ್ಟಿದ್ದಾಳೆ, ಆದರೆ ಅದಕ್ಕೆ ಪ್ರತ್ಯೇಕ ಕಾಲಂ ಇಲ್ಲ. ಸದ್ಯದ ಉದ್ಯೋಗ ಏನು? ಟ್ರಾವೆಲ್ ಏಜೆಂಟ್ ಬಹಳ ಯೋಚಿಸಿ "ವಿದ್ಯಾರ್ಥಿ" ಅಂತ ತುಂಬಿದ. ವಿದ್ಯಾರ್ಥಿ ಅಂದಮೇಲೆ ಶಾಲೆಯ ಪತ್ರ ಇದ್ದರೆ ಒಳ್ಳೆಯದು ಅಂದ. ಪ್ಲೇಹೋಮಿಗೆ ಕೂಸು ಹೋಗಿದ್ದು ಬೆರಳೆಣಿಕೆ ದಿನ, ಅದರಲ್ಲೂ ಅರ್ಧ ದಿನ ಗೇಟಿನಿಂದಲೇ ವಾಪಸ್. ಆದರೂ ಪತ್ರ ಬಂತು. ಸದರಿ ವಿದ್ಯಾರ್ಥಿಯ ನಡತೆ ತೃಪ್ತಿಕರವಾಗಿದ್ದು, ಸಂಸ್ಥೆಗೆ ಯಾವುದೇ ಬಾಕಿ ಇರುವುದಿಲ್ಲ, ಪ್ರವಾಸಕ್ಕೆ ನಮ್ಮ ಅಭ್ಯಂತರ ಇಲ್ಲ. ಸೀಲು, ಸಹಿ. ಹನ್ನೆರಡು ವರ್ಷದೊಳಗಿನವರಿಗೆ ಬೆರಳಚ್ಚು ಮಾತ್ರ ಕೇಳುವುದಿಲ್ಲ. ಯುರೋಪಿನವರಿಗೆ ಅಷ್ಟಾದರೂ ಕರುಣೆ ಇದೆ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ನೀವು ವಾಪಸ್ ಬರುತ್ತೀರಿ ಅನ್ನುವುದಕ್ಕೆ ಗ್ಯಾರಂಟಿ ಏನು? ಬ್ಯಾಂಕಿನ ಕಾಗದ ಕೊಟ್ಟರು, ನೌಕರಿಯ ಪತ್ರ ಕೊಟ್ಟರು. ಆಸ್ತಿ ಏನಾದರೂ ಇದ್ದರೆ ಹಾಕಿ, ಗಟ್ಟಿ ಆಗುತ್ತದೆ ಅಂದ ಏಜೆಂಟ್. ಅಜ್ಜ ಎದ್ದು ಪಹಣಿ ತಂದರು. ಸೇಡಂ ಕಡೆಯ ಹೊಲದ ಪಹಣಿ ಇಂಗ್ಲಿಷಿಗೆ ಅನುವಾದವಾಗಿ, ನೋಟರಿ ಮುದ್ರೆ ಹಾಕಿಸಿಕೊಂಡು ಸ್ವಿಸ್ ಅಧಿಕಾರಿಯ ಮೇಜಿಗೆ ಹೊರಟಿತು. ಬೆಳೆ ಕಾಲಂನಲ್ಲಿ ತೊಗರಿ. ಕಲಬುರಗಿ ತೊಗರಿಗೆ 2019ರಲ್ಲಿ ಈ ನೆಲದ್ದೇ ಬೆಳೆ ಅನ್ನುವ ಜಿಐ ಟ್ಯಾಗ್ ಸಿಕ್ಕಿದೆ, ಅದನ್ನೂ ಒಂದು ಸಾಲು ಬರೆಸಿ ಅಂತ ಅಜ್ಜನ ಹಟ. ಇಂಥ ತೊಗರಿ ಬಿಟ್ಟು ಯಾವ ಕೂಸು ಆಲ್ಪ್ಸ್‌ನಲ್ಲಿ ತಲೆಮರೆಸಿಕೊಂಡು ಕೂತೀತು?

ವಿಮೆಯೂ ಬೇಕು. ಒಬ್ಬೊಬ್ಬರಿಗೆ ಕನಿಷ್ಠ 30,000 ಯೂರೋ. ಆಸ್ಪತ್ರೆ ಖರ್ಚು, ಏನಾದರೂ ಆದರೆ ಊರಿಗೆ ಕಳಿಸುವ ಖರ್ಚು, ಎಲ್ಲ ಅದರಲ್ಲಿ ಬರಬೇಕು. ಮೊಬೈಲಿನಲ್ಲಿ ನಾಲ್ಕು ಸಲ ಒತ್ತಿದರೆ ಪಾಲಿಸಿ ಕೈಗೆ. ಅಜ್ಜ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮಳೆಗೆ ಹೋದ ತೊಗರಿಯ ಬೆಳೆ ವಿಮೆಗೆ ಅವರು ಎಷ್ಟು ಸಲ ರೈತ ಸಂಪರ್ಕ ಕೇಂದ್ರದ ಕಟ್ಟೆ ಹತ್ತಿ ಇಳಿದಿದ್ದಾರೋ. "ಇದೇ ಕಂಪನಿಯವರಿಗೆ ಹೊಲಾನೂ ಫಾರಿನ್ನಿಗೆ ಹೊಂಟದ ಅಂತ ಹೇಳ್ಲಿಕ್ಕೆ ಬರ್ತದೇನು?" ಅಂತ ಕೇಳಿದರು. ಏಜೆಂಟನ ಹತ್ತಿರ ಉತ್ತರ ಇರಲಿಲ್ಲ.

ವೀಸಾ ಫೀ ವಿಷಯಕ್ಕೆ ಬಂದರೆ, ದೊಡ್ಡವರಿಗೆ ತಲಾ 90 ಯೂರೋ. ಆರು ವರ್ಷದೊಳಗಿನವರಿಗೆ ಫ್ರೀ. ಸ್ವಿಸ್ ರೈಲಿನಲ್ಲೂ ದೊಡ್ಡವರ ಜೊತೆ ಹೋಗುವ ಆರರೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಕೂಸಿನ ಸಲುವಾಗಿ ಹೊರಟ ಪ್ರವಾಸದಲ್ಲಿ ಹೆಚ್ಚು ಖರ್ಚಿಲ್ಲದೇ ಇರುವುದು ಕೂಸೊಂದೇ. ಉಳಿದ ಲಕ್ಷಗಳೆಲ್ಲ ಕೂಸನ್ನು ಎತ್ತಿಕೊಳ್ಳಲು ಹೋಗುವವರದು. ಎತ್ತಿಕೊಳ್ಳಲು ಅಪ್ಪ, ಅವ್ವ. ಅವರ ಕೈ ನೊಂದರೆ ಅಂತ ಅಜ್ಜ, ಅಜ್ಜಿ. ಫೋಟೋ ತೆಗೆಯಲು ಚಿಕ್ಕಪ್ಪ. ಪ್ಯಾಕೇಜಿನಲ್ಲಿ ದಿನಕ್ಕೊಂದು ಊರು, ಬೆಳಿಗ್ಗೆ ಏಳಕ್ಕೆ ಬಸ್ಸು. ಕೂಸು ಮಧ್ಯಾಹ್ನ ಮಲಗುವ ಹೊತ್ತಿಗೆ ಚಾಕಲೇಟ್ ಫ್ಯಾಕ್ಟರಿ ಇಟ್ಟಿದ್ದಾರೆ. ನೆಗಡಿ ಆಗುತ್ತದೆ ಅಂತ ಆ ಕೂಸಿಗೆ ಮನೆಯಲ್ಲಿ ಚಾಕಲೇಟ್ ಕೊಡುವುದೇ ಇಲ್ಲ, ಆ ಮಾತು ಬೇರೆ.

ಈಗ ಉಣ್ಣೆ ಬಟ್ಟೆ. ಚಳಿಗಾಲದಲ್ಲಾದರೆ ರಸ್ತೆ ಬದಿಯಲ್ಲಿ ಟಿಬೆಟಿಯನ್ನರು ಸ್ವೆಟರ್ ಹರವಿಕೊಂಡು ಕೂತಿರುತ್ತಾರೆ. ಮೇ ತಿಂಗಳಲ್ಲಿ, 43 ಡಿಗ್ರಿ ಬಿಸಿಲಲ್ಲಿ, ಎರಡು ವರ್ಷದ ಕೂಸಿಗೆ ಥರ್ಮಲ್ ಇದೆಯೇನ್ರಿ ಅಂತ ಕೇಳಿದರೆ ಅಂಗಡಿಯವನು ಮೊದಲು ನೀರು ಕೊಟ್ಟ, ಕೂಡಿಸಿದ. ಆಮೇಲೆ ಗೋದಾಮಿನಿಂದ ಧೂಳು ಕೊಡವಿ ಒಂದು ಮಂಗನ ಟೋಪಿ ತಂದ. ಹಾಕಿ ನೋಡದೆ ಹೇಗೆ ತಗೊಳ್ಳುವುದು? ಹಾಕಿದರು. ಕೂಸಿನ ಕಿರುಚಾಟ ಜಗತ್ ಸರ್ಕಲ್ಲಿನವರೆಗೆ ಕೇಳಿರಬೇಕು. ಸೈಜ್ ಸರಿ ಇದೆ ಅಂತ ಪ್ಯಾಕ್ ಮಾಡಿಸಿದರು.

ಊಟದ ಗಂಟು ಅಜ್ಜಿಯ ಖಾತೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಕರಾರಿಲ್ಲದೆ ಸೂಟ್‌ಕೇಸ್ ಸೇರಿದವು. ತಕರಾರು ಬಂದದ್ದು ತುಪ್ಪಕ್ಕೆ. ಯುರೋಪಿನ ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ ಅಲ್ಲಿಗೆ ಒಯ್ಯುವ ಹಾಗಿಲ್ಲ. ಕೂಸಿನ ಹಾಲಿನ ಪುಡಿಯಾದರೆ ಎರಡು ಕಿಲೋ ತನಕ ನಡೆಯುತ್ತದೆ. "ತುಪ್ಪ ಹಾಲೇನ್ರಿ? ಕಾಸಿದ ಮ್ಯಾಲೆ ಅದು ತುಪ್ಪ" ಅಂತ ಅಜ್ಜಿಯ ವಾದ. ಹಾಲು, ಚೀಸಿಗೆ ಹೆಸರಾದ ದೇಶಕ್ಕೆ ನಾವು ತುಪ್ಪ ಒಯ್ದರೆ ಅವರಿಗೇನು ಕೊರತೆ ಅಂತ ಅವಳಿಗೆ ಇನ್ನೂ ಅರ್ಥವಾಗಿಲ್ಲ. ನನಗೂ ಪೂರ್ತಿ ಆಗಿಲ್ಲ.

ಇನ್ನು ಹೊರಡುವುದು ಎಲ್ಲಿಂದ? ನಮಗೂ ಒಂದು ವಿಮಾನ ನಿಲ್ದಾಣ ಇದೆ. 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ರನ್‌ವೇ ಮೂರು ಕಿಲೋಮೀಟರಿಗೂ ಉದ್ದ. ಬೆಂಗಳೂರಿನ ನೆಂಟರು ಬಂದಾಗ ಆ ಉದ್ದವನ್ನು ನಾವು ಎದೆ ಉಬ್ಬಿಸಿ ಹೇಳುತ್ತೇವೆ. ವಿಮಾನ ಎಷ್ಟು ಅಂತ ಅವರು ಕೇಳಿದರೆ ಚಹಾ ತರಿಸುತ್ತೇವೆ. ಸೇವೆ ಶುರುವಾಗುತ್ತದೆ, ಪೇಪರಿನಲ್ಲಿ ಫೋಟೋ ಬರುತ್ತದೆ. ಸೇವೆ ನಿಲ್ಲುತ್ತದೆ, ಮನವಿ ಪತ್ರ ಕೊಡುವವರ ಫೋಟೋ ಬರುತ್ತದೆ. ಫೋಟೋಗಳಿಗಂತೂ ಕೊರತೆ ಇಲ್ಲ. ಹಾಗಾಗಿ ಕೂಸು ಜಗತ್ತು ನೋಡಲು ಮೊದಲು ಟೆಂಪೋ ಟ್ರಾವೆಲರ್ ಹತ್ತಬೇಕು. 200 ಕಿಲೋಮೀಟರಿಗೂ ಜಾಸ್ತಿ ದಾರಿ ಸವೆಸಿ ಹೈದರಾಬಾದಿನ ಶಂಷಾಬಾದ್ ಮುಟ್ಟಬೇಕು. ಹೋಗುವವರು ಆರು ಜನ, ಬೀಳ್ಕೊಡುವವರು ಹನ್ನೆರಡು. ಟೆಂಪೋ ದೊಡ್ಡದೇ ಬೇಕು ಅಂತ ಈಗಲೇ ಹೇಳಿಟ್ಟಿದ್ದಾರೆ.

ವೀಸಾ ಇನ್ನೂ ಬಂದಿಲ್ಲ. ಅಜ್ಜಿ ಶರಣಬಸವೇಶ್ವರ ಗುಡಿಗೆ ಹೋಗಿ ಕಾಯಿ ಒಡೆಸಿದ್ದಾಳೆ. ಟೆಂಪೋ ಡ್ರೈವರ್ ತನ್ನ ಬಾಡಿಗೆಯ ಚಿಂತೆಗೆ ಬಂದೇ ನವಾಜ್ ದರ್ಗಾದಲ್ಲಿ ಬೇಡಿಕೊಂಡಿದ್ದಾನೆ. ವೀಸಾ ಬರದಿದ್ದರೂ ಫ್ಲೆಕ್ಸ್ ಬಂದಿದೆ. ಚಿಕ್ಕಪ್ಪನಿಗೆ ರಾಜಕೀಯದ ನಂಟು, ಅವರು ಬಿಡುವವರಲ್ಲ. ಓಣಿಯ ಮೂಲೆಯಲ್ಲಿ ಎರಡು ಬಿದಿರು ನೆಟ್ಟು ಏರಿಸಿದ್ದಾರೆ: "ಯುರೋಪ್ ಅಧ್ಯಯನ ಪ್ರವಾಸ ಕೈಗೊಳ್ಳಲಿರುವ ನಮ್ಮ ನೆಚ್ಚಿನ ಚಿರಂಜೀವಿಗೆ ಹಾರ್ದಿಕ ಶುಭಾಶಯಗಳು." ಅಧ್ಯಯನ ಯಾಕೆ ಅಂತ ಕೇಳಿದೆ. "ದೊಡ್ಡವರು ಹೋದ್ರೆ ಹಂಗೇ ಹಾಕ್ತಾರಲ್ರಿ" ಅಂದರು. ಅದೂ ಖರೆ. ದೊಡ್ಡವರು ಕಸ ವಿಲೇವಾರಿ ಅಧ್ಯಯನಕ್ಕೆ ಅಂತ ದೇಶ ಸುತ್ತಿ ಬರುತ್ತಾರೆ, ನಮ್ಮ ಓಣಿಯ ಕಸ ಇದ್ದ ಜಾಗದಲ್ಲೇ ಇರುತ್ತದೆ. ಈ ಕೂಸಾದರೂ ಹೋದರೆ ತನ್ನ ಡೈಪರ್ ಡಬ್ಬಿಗೆ ಹಾಕಿಸಿ ಬಂದೀತು.

ಫ್ಲೆಕ್ಸಿಗೆ ಹಾಕಿದ್ದು ಅದೇ ಪಾಸ್‌ಪೋರ್ಟ್ ಫೋಟೋ. ಬೇರೆ ಯಾವ ಫೋಟೋದಲ್ಲೂ ಕೂಸು ಅಲುಗಾಡದೆ ಕೂತಿಲ್ಲವಂತೆ. ಬಿಳಿ ಹಿನ್ನೆಲೆ, ಮುಚ್ಚಿದ ಬಾಯಿ, ನೆಟ್ಟ ನೋಟ. ಕೆಳಗೆ ಶುಭಕೋರುವ ಹಿತೈಷಿಗಳ ಸಾಲು, ಎಲ್ಲರೂ ಕೈ ಮುಗಿದು ನಿಂತವರೇ. ನಿನ್ನೆ ಮೂಲೆಯ ಚಹಾದಂಗಡಿಯವನು ಬಹಳ ಹೊತ್ತು ಅದನ್ನೇ ನೋಡಿ, ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದ:

"ಯಾವ ವಾರ್ಡಿಗೆ ನಿಂತಾನ್ರಿ?"