ಗೆರೆಗಳ ಎಣಿಕೆ ವಿದ್ವತ್ತಿನ ಅಳತೆಯಲ್ಲ: ಸ್ಪಷ್ಟನೆ

ಶಿವಮೊಗ್ಗದ ಸಂಶೋಧನಾ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: ‘ಸಹಲೇಖಕರ ಜಾಲದ ನಕ್ಷೆಯಲ್ಲಿ ಯಾರಿಗೆ ಗೆರೆ ಜಾಸ್ತಿಯೋ ಅವರೇ ದೊಡ್ಡ ಸಂಶೋಧಕರು.’ ಇದು ತಪ್ಪು.

ಈ ನಕ್ಷೆಯಲ್ಲಿ ಒಬ್ಬೊಬ್ಬ ಲೇಖಕರೂ ಒಂದೊಂದು ಚುಕ್ಕಿ. ಎರಡು ಚುಕ್ಕಿಗಳನ್ನು ಸೇರಿಸುವ ಗೆರೆ ಹೇಳುವುದು ಇಷ್ಟೇ: ಇಬ್ಬರ ಹೆಸರೂ ಒಂದೇ ಲೇಖನದಲ್ಲಿದೆ. ಯಾರು ಎಷ್ಟು ದುಡಿದರು ಅನ್ನುವುದು ಅದರಲ್ಲಿ ಕಾಣುವುದಿಲ್ಲ. 2015ರಲ್ಲಿ ಹಿಗ್ಸ್ ಬೋಸಾನ್ ಕಣದ ದ್ರವ್ಯರಾಶಿ ಅಳೆದ ಒಂದು ಲೇಖನಕ್ಕೆ 5,154 ಲೇಖಕರಿದ್ದರು. ಅದೊಂದರಿಂದಲೇ ಒಬ್ಬೊಬ್ಬರಿಗೂ 5,153 ಗೆರೆ! ಗಣಿತದಲ್ಲಾದರೆ ಒಬ್ಬರೇ ಬರೆಯುವುದೂ ಮಾಮೂಲು.

ಆಗುಂಬೆಯ ಮಳೆಯಲ್ಲಿ ಒಬ್ಬರೇ ಕಪ್ಪೆ ಹುಡುಕಿ ಬರೆದವರ ಚುಕ್ಕಿ ನಕ್ಷೆಯಲ್ಲಿ ಒಂಟಿಯಾಗಿರಬಹುದು. ಹಾಗಂತ ಅವರ ಕೆಲಸ ಸಣ್ಣದೇನಲ್ಲ, ಅಲ್ವಾ? ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಈಗಷ್ಟೇ ಪಿಎಚ್‌ಡಿ ಶುರು ಮಾಡಿದವರು ಸುಮ್ನೆ ಎದೆಗುಂದಬೇಡಿ. ಯಾರು ಯಾರ ಜೊತೆ ಕೆಲಸ ಮಾಡಿದ್ದಾರೆ ಎಂದು ತಿಳಿಯಲು ಆ ನಕ್ಷೆ ಒಳ್ಳೆಯದು. ಅದಕ್ಕೇ ಬಳಸಿ.