ನಾಲ್ಕು ವೃತ್ತಗಳ ‘ಇಕಿಗೈ’ ಚಿತ್ರ: ಸತ್ಯಾಂಶ ಏನು?

ಇಷ್ಟವಾದದ್ದು, ಚೆನ್ನಾಗಿ ಬರುವುದು, ಜಗತ್ತಿಗೆ ಬೇಕಾದದ್ದು, ದುಡ್ಡು ತರುವುದು. ಈ ನಾಲ್ಕು ವೃತ್ತಗಳು ಕೂಡುವ ಜಾಗವೇ ಜಪಾನಿನ ಪ್ರಾಚೀನ ‘ಇಕಿಗೈ’ (ಬದುಕಬೇಕು ಅನಿಸುವಂತೆ ಮಾಡುವ ಸಂಗತಿ), ಅದು ಸಿಕ್ಕರೆ ಬದುಕಿನ ಗುರಿ ಸಿಕ್ಕಂತೆ ಎನ್ನುವ ಚಿತ್ರ ನಿಮಗೂ ಫಾರ್ವರ್ಡ್ ಆಗಿರಬಹುದು, ಅಲ್ವಾ?

ಇಕಿಗೈ ಎಂಬ ಮಾತು ಜಪಾನಿನದೇ. ಆದರೆ ಚಿತ್ರ ಅಲ್ಲಿಯದಲ್ಲ, ಹಳೆಯದೂ ಅಲ್ಲ. ಸ್ಪೇನಿನ ಒಬ್ಬರು ‘ಉದ್ದೇಶ’ ಎಂಬ ಹೆಸರಿನಲ್ಲಿ ಮಾಡಿದ್ದ ಚಿತ್ರದ ನಡುವೆ, 2014ರಲ್ಲಿ ಒಬ್ಬ ಬ್ಲಾಗ್ ಬರಹಗಾರರು ‘ಇಕಿಗೈ’ ಎಂದು ಬರೆದರು. ಅದೇ ಎಲ್ಲೆಡೆ ಹರಡಿತು.

ಇದನ್ನು ಹಂಚುವವರ ಮನಸ್ಸು ಒಳ್ಳೆಯದೇ. ಆದರೆ ದಾರಿ ಕಾಣದೆ ಕೂತವರಿಗೆ ದುಡ್ಡಿನ ವೃತ್ತ ಖಾಲಿ ಕಂಡರೆ ಇನ್ನಷ್ಟು ಕುಗ್ಗಿಬಿಡುತ್ತಾರೆ. ನನಗೆ ಬೇಸರವಾಗುವುದು ಅದಕ್ಕೇ. ಜಪಾನಿನಲ್ಲಿ ಮೊಮ್ಮಗುವಿನ ಜೊತೆ ಆಡುವುದೂ ಇಕಿಗೈ, ಗಿಡ ಬೆಳೆಸುವುದೂ ಇಕಿಗೈ. ಸಂಬಳ ಬರಲೇಬೇಕೆಂದಿಲ್ಲ.

ನೀವೇ ಪರೀಕ್ಷಿಸಬಹುದು. ಚಿತ್ರವನ್ನು ರಿವರ್ಸ್ ಇಮೇಜ್ ಸರ್ಚ್‌ಗೆ (ಚಿತ್ರ ಕೊಟ್ಟರೆ ಅದು ಅಂತರ್ಜಾಲದಲ್ಲಿ ಎಲ್ಲೆಲ್ಲಿದೆ ಎಂದು ಹುಡುಕಿಕೊಡುವ ಸೌಲಭ್ಯಕ್ಕೆ) ಹಾಕಿ, ತೀರಾ ಹಳೆಯ ಪ್ರತಿ ಯಾವ ವರ್ಷದ್ದು ನೋಡಿ. ‘ಪ್ರಾಚೀನ’ ಎಂದಿದ್ದರೆ ಯಾವ ಕಾಲ, ಯಾವ ಪುಸ್ತಕ ಎಂದು ಕೇಳಿ. 1966ರಲ್ಲೇ ಜಪಾನಿನ ಮನೋವೈದ್ಯೆಯೊಬ್ಬರು ಕುಷ್ಠರೋಗಿಗಳ ನಡುವೆ ಕೆಲಸ ಮಾಡಿದ ಅನುಭವದಿಂದ ಇಕಿಗೈ ಬಗ್ಗೆ ಇಡೀ ಪುಸ್ತಕ ಬರೆದಿದ್ದಾರೆ. ಈ ನಾಲ್ಕು ವೃತ್ತಗಳು ಬಂದದ್ದು ಅದಾಗಿ ದಶಕಗಳ ನಂತರ.