ಅಮ್ಮನ ಟೀವಿ ಕವರ್ ಮತ್ತು ಗ್ಲಾಸ್ಗೋದ ಕೆಂಪು ಕಾರು

2023ರ ಜೂನ್ ತಿಂಗಳು. ತಿಪಟೂರಿನಿಂದ ಅಪ್ಪ ಅಮ್ಮ ಬಂದಿದ್ದರು. ನಾನಿರುವ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜೂನ್ ಅಂದರೆ ಬೇಸಿಗೆ ಅಂತ ಕ್ಯಾಲೆಂಡರಿನಲ್ಲಿ ಮಾತ್ರ ಇರುತ್ತದೆ. ಆವತ್ತು ಬೆಳಗ್ಗಿನಿಂದ ಜಿಟಿಜಿಟಿ ಮಳೆ. ಪಾರ್ಕಿಗೆ ಅಂತ ಹೊರಟವರು ಅರ್ಧ ದಾರಿಗೇ ನೆನೆದು, ಆಲ್ಬರ್ಟ್ ಡ್ರೈವ್ ರಸ್ತೆಯ ಟ್ರಾಮ್‌ವೇ ಗ್ಯಾಲರಿಯೊಳಗೆ ನುಗ್ಗಿದೆವು. ಕಲೆ ನೋಡಬೇಕು ಅಂತೇನೂ ಅಲ್ಲ. ಟಿಕೆಟ್ ಇಲ್ಲ, ಶೌಚಾಲಯ ಇದೆ, ಬಿಸಿ ಟೀ ಸಿಗುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಊರು ತೋರಿಸುವವನಿಗೆ ಈ ಮೂರು ಸಿಕ್ಕರೆ ಸಾಕು.

ಒಳಗೆ ಒಂದು ದೊಡ್ಡ ಹಜಾರ. ಅಲ್ಲಿ ಹಳೆಯ ಕೆಂಪು ಫೋರ್ಡ್ ಎಸ್ಕಾರ್ಟ್ ಕಾರು ನಿಂತಿತ್ತು. ಅದರ ಮೇಲೆ ಬಿಳಿ ನೂಲಿನಲ್ಲಿ ಹೆಣೆದ ಒಂದು ಭಾರಿ ಕ್ರೋಶಾ ಹೊದಿಕೆ. ಕಾರಿನೊಳಗಿಂದ ಹಾಡು ಕೇಳಿಸುತ್ತಿತ್ತು.

ಅಮ್ಮ ಅಲ್ಲೇ ನಿಂತುಬಿಟ್ಟರು. "ಅಯ್ಯೋ, ಇದು ನಮ್ಮ ಟೀವಿ ಕವರ್ ಕಣೋ!"

ಹೌದಲ್ಲ ಅನ್ನಿಸಿತು. ನಮ್ಮ ಹಾಲ್‌ನಲ್ಲಿ ಇದ್ದ ಸಾಲಿಡೇರ್ ಟೀವಿಗೆ ಅಮ್ಮ ಒಂದು ಬೇಸಿಗೆ ರಜೆ ಪೂರ್ತಿ ಕೂತು ಇಂಥದ್ದೇ ಕವರ್ ಹೆಣೆದಿದ್ದರು. ಆಮೇಲೆ ರೇಡಿಯೋಗೆ ಒಂದು, ಮಿಕ್ಸಿಗೆ ಒಂದು, ಫೋನ್ ಬಂದ ಮೇಲೆ ಫೋನಿಗೂ ಒಂದು. ಮನೆಯಲ್ಲಿ ಅಲುಗಾಡದೆ ನಿಂತದ್ದಕ್ಕೆಲ್ಲ ಕವರ್ ಬೀಳುತ್ತಿತ್ತು. ಅಪ್ಪ ಕುರ್ಚಿಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಕೂತಿದ್ದರೆ ಅವರಿಗೂ ಬೀಳುತ್ತಿತ್ತೇನೋ.

ಗ್ಯಾಲರಿಯಲ್ಲಿ ನಿಗಾ ನೋಡುತ್ತಿದ್ದ ಹುಡುಗಿ ಹತ್ತಿರ ಬಂದಳು. ಮುಟ್ಟಬೇಡಿ ಅನ್ನುತ್ತಾಳೆ ಅಂತ ನಾನು ಮೊದಲೇ ಅಮ್ಮನ ಕೈ ಹಿಡಿದುಕೊಂಡೆ. ಅಮ್ಮ ಕೈ ಬಿಡಿಸಿಕೊಂಡು, ಗಾಳಿಯಲ್ಲೇ ಕ್ರೋಶಾ ಕಡ್ಡಿ ಆಡಿಸಿ ತೋರಿಸಿದರು. ಆ ಹುಡುಗಿ ತನ್ನ ಅಜ್ಜಿಯೂ ಹೀಗೇ ಹೆಣೆಯುತ್ತಿದ್ದರು, ಟೀ ಪಾತ್ರೆಗೂ ಟೋಪಿ ಹಾಕುತ್ತಿದ್ದರು ಅಂದಳು. ಇಬ್ಬರ ನಡುವೆ ಐದು ನಿಮಿಷ ಮಾತು ನಡೆಯಿತು. ಒಬ್ಬರು ತುಮಕೂರು ಕಡೆಯ ಕನ್ನಡ, ಒಬ್ಬಳು ಗ್ಲಾಸ್ಗೋ ಇಂಗ್ಲಿಷ್. ನನ್ನ ಅಗತ್ಯವೇ ಬೀಳಲಿಲ್ಲ.

ಆ ಕಾರಿನ ಕಲಾಕೃತಿ ಜಸ್ಲೀನ್ ಕೌರ್ ಅವರದು. 1986ರಲ್ಲಿ ಗ್ಲಾಸ್ಗೋದಲ್ಲೇ ಹುಟ್ಟಿದ ಸಿಖ್ ಮನೆಯ ಮಗಳು. ಬೆಳೆದದ್ದು ಇದೇ ಪೊಲಕ್‌ಶೀಲ್ಡ್ಸ್‌ನಲ್ಲಿ, ಅಂದರೆ ಗ್ಯಾಲರಿ ಇರುವ ಬಡಾವಣೆಯಲ್ಲೇ. ಪ್ರದರ್ಶನದ ಹೆಸರು ಆಲ್ಟರ್ ಆಲ್ಟರ್. ಇಂಗ್ಲಿಷಿನಲ್ಲಿ ಒಂದು ಅಕ್ಷರ ಬದಲಾದರೆ ಒಂದರ ಅರ್ಥ 'ಬದಲಿಸು', ಇನ್ನೊಂದರ ಅರ್ಥ ದೇವರ ಕಟ್ಟೆ. ಕನ್ನಡದಲ್ಲಿ ಬರೆದಾಗ ಎರಡೂ ಒಂದೇ ಆಗಿಬಿಡುತ್ತವೆ. ಅವರ ಅಪ್ಪನ ಮೊದಲ ಕಾರು ಎಸ್ಕಾರ್ಟ್ ಅಂತೆ. ಆ ನೂಲಿನ ಹೊದಿಕೆ, ಇಲ್ಲಿನ ಬಟ್ಟೆ ಗಿರಣಿಗಳಿಗೆ ದುಡಿಯಲು ಬಂದ ತಲೆಮಾರಿನ ನೆನಪಂತೆ. ಪಕ್ಕದಲ್ಲೇ ತನ್ನಷ್ಟಕ್ಕೆ ತಾನೇ ನುಡಿಯುವ ಹಾರ್ಮೋನಿಯಂ, ಪೂಜೆಯ ಗಂಟೆಗಳು, ನೆಲಕ್ಕೆ ಕಾರ್ಪೆಟ್. ತಲೆಯ ಮೇಲೆ ಆಕಾಶದ ಹಾಗೆ ಕಾಣುವ ಪಾರದರ್ಶಕ ಹಾಳೆ, ಅದರ ಮೇಲೆ ಚೆಲ್ಲಾಪಿಲ್ಲಿ ಸಾಮಾನು. ಅದರಲ್ಲಿ ಐರ್ನ್ ಬ್ರೂ ಕೂಡ ಇತ್ತು. ಗ್ಲಾಸ್ಗೋದಲ್ಲಿ ಇರುವವರಿಗೆ ಅದೇನು ಅಂತ ಹೇಳಬೇಕಿಲ್ಲ. ಉಳಿದವರಿಗೆ: ಕಿತ್ತಳೆ ಬಣ್ಣದ ಒಂದು ಪಾನೀಯ. ಇಲ್ಲಿಯವರಿಗೆ ಅದು ನೀರಿಗಿಂತ ಸ್ವಲ್ಪವೇ ಕಮ್ಮಿ.

ಅಪ್ಪ ಇದ್ಯಾವುದಕ್ಕೂ ಬಗ್ಗಲಿಲ್ಲ. "ಕಾರಿಗೆ ಬಟ್ಟೆ ಹೊದಿಸಿದ್ದನ್ನ ನೋಡೋಕೆ ಇಷ್ಟು ದೂರ ಬರಬೇಕಿತ್ತಾ?" ಅಂದರು. ಅವರನ್ನು ಸಮಾಧಾನ ಮಾಡಲು ಆ ಕಟ್ಟಡದ ಕಥೆ ಹೇಳಿದೆ. ಇದು ಮೊದಲು ಟ್ರಾಮ್ ನಿಲ್ಲಿಸುವ ಶೆಡ್ಡು. 1962ರಲ್ಲಿ ಈ ಊರಿನ ಟ್ರಾಮ್ ನಿಂತಿತು. ಆಮೇಲೆ ಹಳೆ ಗಾಡಿಗಳ ಮ್ಯೂಸಿಯಂ ಆಯಿತು, ಅದೂ ಬೇರೆ ಕಡೆ ಹೋಯಿತು. ಕೆಡವುವ ಮಾತು ನಡೆದಿತ್ತು. 1988ರಲ್ಲಿ ಪೀಟರ್ ಬ್ರೂಕ್ ತಮ್ಮ ಒಂಬತ್ತು ಗಂಟೆಯ ಮಹಾಭಾರತ ನಾಟಕವನ್ನು ಇಲ್ಲಿ ಆಡಿಸಿದರು. ಅಲ್ಲಿಂದ ಇದು ಕಲೆಯ ಜಾಗವಾಗಿ ಉಳಿಯಿತು.

ಅಪ್ಪ ತಟ್ಟನೆ ನೆಟ್ಟಗಾದರು. "ಇಲ್ಲಿ ಮಹಾಭಾರತ ಆಡಿದ್ರಾ? ದ್ರೌಪದಿ ಪಾರ್ಟು ಯಾರದ್ದು?" ಮಲ್ಲಿಕಾ ಸಾರಾಭಾಯಿ ಅಂದೆ. "ಒಂಬತ್ತು ಗಂಟೆ ಯಾವ ಲೆಕ್ಕ? ನಮ್ಮೂರಲ್ಲಿ ಕುರುಕ್ಷೇತ್ರ ಬೆಳಗಾಗೋವರೆಗೂ ಆಡ್ತಾರೆ" ಅಂದರು. ಅಷ್ಟು ಹೇಳಿದ ಮೇಲೆ ಆ ಕಟ್ಟಡದ ಬಗ್ಗೆ ಅವರಿಗೆ ಒಂದು ಥರ ಸಲಿಗೆ ಬಂತು. ಟೀ ಕುಡಿದರು.

ಹೊರಗೆ ಬರುವಾಗ ಅಮ್ಮ ಸುಮ್ನೆ ಒಂದು ಮಾತು ಕೇಳಿದರು. "ನಿಮ್ಮ ಕನ್ನಡ ಕೂಟದವರು ಇಂಥದ್ದು ಯಾಕೆ ಮಾಡಲ್ಲ?"

ಅದು ಚುಚ್ಚಿತು. ಯಾಕೆಂದರೆ ನಾನು ಕೇಳಿದ್ದೆ.

ಅದರ ಹಿಂದಿನ ವರ್ಷದ ರಾಜ್ಯೋತ್ಸವ. ಬಾಡಿಗೆ ಹಾಲ್, ಬಾಗಿಲಲ್ಲಿ ಅರಿಶಿನ ಕುಂಕುಮ, ಬಿಸಿಬೇಳೆಬಾತ್, ಮಕ್ಕಳ ಡ್ಯಾನ್ಸು, ಮೈಕ್ ಸರಿಯಿಲ್ಲ. ಹಾಲ್‌ನ ಒಂದು ಗೋಡೆಗೆ ಪ್ರತಿ ವರ್ಷ 'ನಮ್ಮ ಸಂಸ್ಕೃತಿ' ಅಂತ ಒಂದು ಪ್ರದರ್ಶನ ಇರುತ್ತದೆ. ಹಂಪಿಯ ಕಲ್ಲಿನ ರಥದ ಫ್ಲೆಕ್ಸು, ಜೋಗದ ಫ್ಲೆಕ್ಸು, ಯಕ್ಷಗಾನದ ಕಿರೀಟ, ಒಂದಷ್ಟು ಚನ್ನಪಟ್ಟಣದ ಬೊಂಬೆ. ಈ ಸಲ ಬೇರೆ ಏನಾದರೂ ಇಡೋಣ ಅಂದೆ. ಒಂದು ಮೇಜು ಕೊಡಿ ಸಾಕು, ಎಲ್ಲರೂ ತಾವು ಮೊದಲ ಸಲ ಬಂದಾಗ ಸೂಟ್‌ಕೇಸಿನಲ್ಲಿ ತಂದ ಒಂದೊಂದು ಸಾಮಾನು ತರಲಿ. ನನ್ನ ಹತ್ತಿರ ಗ್ಯಾಸ್ಕೆಟ್ ಹೋದ ಪ್ರೆಶರ್ ಕುಕ್ಕರ್ ಇದೆ. ಅಮ್ಮ ಕೊಬ್ಬರಿ ಕಟ್ಟಿಕೊಟ್ಟ ಬಟ್ಟೆ ಚೀಲ ಇನ್ನೂ ಇದೆ, ಮೂಗಿಗೆ ಹಿಡಿದರೆ ವಾಸನೆಯೂ ಇದೆ. ಒಬ್ಬರ ಮನೆಯಲ್ಲಿ ಮುದ್ದೆ ಕೋಲು ಇದೆ, ವಿಮಾನ ನಿಲ್ದಾಣದಲ್ಲಿ ಅದು ಯಾವ ಆಯುಧ ಅಂತ ಕೇಳಿದ್ದರಂತೆ. ಇನ್ನೊಬ್ಬರು ಮೊದಲ ಚಳಿಗಾಲಕ್ಕೆ ಹಾಕಿದ ಸೆಕೆಂಡ್ ಹ್ಯಾಂಡ್ ಜಾಕೆಟ್ ಎತ್ತಿಟ್ಟಿದ್ದಾರೆ. ಎರಡು ಸಲ ತಿರಸ್ಕಾರವಾದ ವೀಸಾ ಪತ್ರ ಒಬ್ಬರ ಬಳಿ ಇದೆ.

ಸಭೆಯಲ್ಲಿ ಹಿರಿಯರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. "ಹಳೇ ಕುಕ್ಕರ್ ಯಾರು ನೋಡ್ತಾರಪ್ಪ? ಅದೂ ಅಲ್ಲದೆ ವೀಸಾ ಗೀಸಾ ಎಲ್ಲ ಮನೆ ಗುಟ್ಟು. ಕೌನ್ಸಿಲರ್ ಬರ್ತಾರೆ, ನಾಲ್ಕು ಜನ ಮೆಚ್ಚೋ ಹಂಗೆ ಇರಬೇಕು."

ಹಂಪಿ ಫ್ಲೆಕ್ಸೇ ಮತ್ತೆ ಗೋಡೆಗೆ ಏರಿತು.

ಹಂಪಿಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಾನು ಹಂಪಿಗೆ ಹೋಗಿರುವುದು ಒಂದೇ ಸಲ, ಹೈಸ್ಕೂಲ್ ಪ್ರವಾಸದಲ್ಲಿ. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡದ್ದು ಬಿಟ್ಟರೆ ಹೆಚ್ಚೇನೂ ನೆನಪಿಲ್ಲ. ನನ್ನ ಮಗಳು ಹಂಪಿ ನೋಡೇ ಇಲ್ಲ. ಅವಳಿಗೆ ಆ ರಥ ರಾಜ್ಯೋತ್ಸವದ ಹಾಲ್‌ನಲ್ಲಿ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಜಾಗ. ಹನ್ನೊಂದು ವರ್ಷ ಇಲ್ಲಿ ಬದುಕಿದ್ದೇನೆ. ಒಲೆ ಕೆಟ್ಟಾಗ ಯಾರ ಮನೆಯಲ್ಲಿ ಅನ್ನ ಮಾಡಿಕೊಂಡೆ, ಹೆಂಡತಿಗೆ ಹೆರಿಗೆಯಾದಾಗ ಯಾರು ಬಾಣಂತಿ ಖಾರ ಕುಟ್ಟಿಕೊಟ್ಟರು, ಅದು ಯಾವ ಗೋಡೆಯ ಮೇಲೂ ಇಲ್ಲ. ಬಿಟ್ಟು ಬಂದದ್ದನ್ನು ತೋರಿಸುತ್ತೇವೆ, ಬಂದು ಮಾಡಿದ್ದನ್ನು ತೋರಿಸುವುದಿಲ್ಲ. ಆ ಪಂಜಾಬಿ ಹೆಣ್ಣುಮಗಳು ಸ್ವರ್ಣಮಂದಿರದ ಫ್ಲೆಕ್ಸ್ ಹಾಕಲಿಲ್ಲ ನೋಡಿ. ಅಪ್ಪನ ಮೊದಲ ಕಾರಿನಂಥದ್ದನ್ನು ತಂದು ನಿಲ್ಲಿಸಿದರು.

ಇದು ಹೊರನಾಡಿನವರ ರೋಗ ಮಾತ್ರವೂ ಅಲ್ಲ. ಊರಲ್ಲೂ ನಾವು ಹೀಗೇ ಅಲ್ವಾ? ನೆಂಟರು ಬಂದರೆ ಷೋಕೇಸಿನ ಗಾಜಿನ ಹಿಂದೆ ಇರುವುದನ್ನು ತೋರಿಸುತ್ತೇವೆ. ದಿನವೂ ಕಾಫಿ ಕುಡಿಯುವ ಲೋಟವನ್ನು ಒಳಗೆ ಬಚ್ಚಿಡುತ್ತೇವೆ. 'ಪ್ರದರ್ಶನ' ಅಂದರೆ ನಮ್ಮದಲ್ಲದ ಯಾವುದೋ ದೊಡ್ಡದು ಅಂತ ತಲೆಯಲ್ಲಿ ಕೂತುಬಿಟ್ಟಿದೆ.

ಇನ್ನೊಂದು ವಿಷಯ ಹೇಳಬೇಕು. ಟ್ರಾಮ್‌ವೇಯಿಂದ ಕೆಲವೇ ನಿಮಿಷ ನಡೆದರೆ ಕೆನ್ಮೂರ್ ಸ್ಟ್ರೀಟ್. 2021ರ ಮೇ 13, ಈದ್ ಹಬ್ಬದ ದಿನ, ವಲಸೆ ಇಲಾಖೆಯವರು ಭಾರತದ ಇಬ್ಬರನ್ನು ವ್ಯಾನಿಗೆ ಹತ್ತಿಸಿದರು. ಬೀದಿಯ ಜನ ವ್ಯಾನನ್ನು ಮುತ್ತಿದರು. ಒಬ್ಬ ವ್ಯಾನಿನ ಕೆಳಗೇ ಹೋಗಿ ಮಲಗಿಬಿಟ್ಟ. ಸಂಜೆಯ ಹೊತ್ತಿಗೆ ಇಬ್ಬರನ್ನೂ ಬಿಡಲೇಬೇಕಾಯಿತು. ನಾನು ಆವತ್ತು ಮನೆಯಲ್ಲಿ ಕೂತು ಫೋನಿನಲ್ಲಿ ನೋಡಿದೆ. ನಡೆದು ಹೋಗುವಷ್ಟು ಹತ್ತಿರ. ನನ್ನ ಅರ್ಜಿಯೊಂದು ಅದೇ ಇಲಾಖೆಯಲ್ಲಿ ಕೂತಿತ್ತು, ಹೋಗಲಿಲ್ಲ. ಮಾರನೇ ದಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಆ ವಿಷಯಕ್ಕೆ ಒಂದು ಮೆಸೇಜೂ ಇರಲಿಲ್ಲ. ಮಾವಿನಹಣ್ಣಿನ ಬಾಕ್ಸು ಯಾರಿಗೆ ಬೇಕು ಅಂತ ಒಂದು ಪಟ್ಟಿ ಇತ್ತು. ಅದರಲ್ಲಿ ನನ್ನ ಹೆಸರೂ ಇತ್ತು, ಎರಡು ಬಾಕ್ಸ್.

2024ರ ಡಿಸೆಂಬರ್ 3ರಂದು ಜಸ್ಲೀನ್ ಕೌರ್ ಅವರಿಗೆ ಟರ್ನರ್ ಪ್ರೈಜ್ ಬಂತು. ಬ್ರಿಟನ್ನಿನ ಹೆಸರುವಾಸಿ ಕಲಾ ಬಹುಮಾನ, 25,000 ಪೌಂಡು. ಕಾರಿಗೆ ಬಟ್ಟೆ ಹೊದಿಸಿದ್ದಕ್ಕೆ ಬಹುಮಾನವಾ ಅಂತ ಇಲ್ಲಿಯವರೂ ಗೇಲಿ ಮಾಡಿದರು. ನಮ್ಮಪ್ಪ ಒಬ್ಬರೇ ಅಲ್ಲ ಅಂತ ಸಮಾಧಾನವಾಯಿತು. ಅಮ್ಮನಿಗೆ ಸುದ್ದಿ ಕಳಿಸಿದೆ. "ಟೀವಿ ಕವರ್ ಹುಡುಗೀನಾ? ಒಳ್ಳೇದಾಗಲಿ" ಅಂತ ಉತ್ತರ ಬಂತು. ಹಿಂದೆಯೇ ನಮ್ಮ ಮನೆಯ ಆ ಹಳೆ ಕವರಿನ ಫೋಟೋ. ಟೀವಿ ಹೋಗಿ ಇಪ್ಪತ್ತು ವರ್ಷವಾಯಿತು. ಕವರ್ ಈಗ ಇನ್ವರ್ಟರ್ ಮೇಲಿದೆ.

ಇಷ್ಟು ಬೈದ ಮೇಲೆ ಒಂದೆರಡು ಮಾತು ಒಪ್ಪಿಕೊಳ್ಳಬೇಕು, ಮನಸ್ಸಿಲ್ಲದಿದ್ದರೂ.

ನಾನು ಮೆಂತ್ಯ ಸೊಪ್ಪು ತರುವ ಅಂಗಡಿ ಟ್ರಾಮ್‌ವೇ ಹತ್ತಿರವೇ ಇದೆ. ಅಂಗಡಿಯವರ ಮೂಲ ಪಾಕಿಸ್ತಾನದ ಪಂಜಾಬ್. ನಿಮ್ಮ ಕಡೆಯ ಹುಡುಗಿಯ ಪ್ರದರ್ಶನ ನೋಡಿದಿರಾ ಅಂತ ಹೆಮ್ಮೆಯಿಂದ ಕೇಳಿದೆ. ಇಲ್ಲವಂತೆ. ಅಲ್ಲಿ ಕಾಫಿ ದುಬಾರಿ ಅಂದರು. ಎಸ್ಕಾರ್ಟ್ ಕಾರು ಅಂದದ್ದಕ್ಕೆ ಮಾತ್ರ ಮುಖ ಅರಳಿತು, ಅವರ ಚಿಕ್ಕಪ್ಪನ ಬಳಿ ಒಂದಿತ್ತಂತೆ, ತಳ್ಳಿ ತಳ್ಳಿ ಸಾಕಾಗಿತ್ತಂತೆ. ನಾವು ಹೋದ ದಿನವೂ ಒಳಗಿದ್ದವರಲ್ಲಿ ಹೆಚ್ಚಿನವರು ಕಲಾಶಾಲೆಯ ಹುಡುಗರ ಥರ ಕಾಣುತ್ತಿದ್ದರು. ನಾನೂ ಮಳೆ ಬರದಿದ್ದರೆ ಹೋಗುತ್ತಿದ್ದೆನೇ? ಅದೇ ಬೆಂಗಳೂರಿನ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಗೆ ಹೋಗಿ ನೋಡಿ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, ಕಡಲೆಕಾಯಿ ತಿನ್ನುತ್ತ, ಬೆಲೆ ಕೇಳಿ ಬೆಚ್ಚಿಬಿದ್ದು ಮುಂದೆ ಹೋಗುವ ಜನ. ಅಂಥ ನೂಕುನುಗ್ಗಲನ್ನು ನಾನು ಇಲ್ಲಿ ಯಾವ ಗ್ಯಾಲರಿಯಲ್ಲೂ ಕಂಡಿಲ್ಲ.

ಕನ್ನಡಕ ಒರೆಸಿಕೊಂಡ ಆ ಹಿರಿಯರು ಪ್ರತಿ ಶನಿವಾರ ತಮ್ಮ ಹಾಲ್‌ನಲ್ಲೇ ಮಕ್ಕಳಿಗೆ ಕನ್ನಡ ಅಕ್ಷರ ಹೇಳಿಕೊಡುತ್ತಾರೆ. ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ನನ್ನ ಮಗಳು ತನ್ನ ಹೆಸರು ಕನ್ನಡದಲ್ಲಿ ಬರೆಯುತ್ತಾಳೆ ಅಂದರೆ ಅವರಿಂದ. ಎರಡು ಸಲ ತಿರಸ್ಕಾರವಾದ ಆ ವೀಸಾ ಪತ್ರ ಅವರ ಮನೆಯದೇ ಅಂತ ನನಗೆ ಗೊತ್ತಾದದ್ದು ಆಮೇಲೆ. ಅದನ್ನು ಮೇಜಿನ ಮೇಲೆ ಇಡಿ ಅಂತ ನಾನು ತುಂಬಿದ ಸಭೆಯಲ್ಲಿ ಹೇಳಿದ್ದೆ.

ಅದೂ ಅಲ್ಲದೆ ಜಸ್ಲೀನ್ ಕೌರ್ ಹುಟ್ಟಿದ್ದೇ ಇಲ್ಲಿ. ಅವರಿಗೆ ಅದು ಅಪ್ಪನ ಕಾರು. ಕಾರು ಓಡಿಸುತ್ತಿದ್ದಾಗ ಆ ಅಪ್ಪನಿಗೆ ಯಾರಾದರೂ ಅದಕ್ಕೆ ಕ್ರೋಶಾ ಹೊದಿಸಿ ಗ್ಯಾಲರಿಯಲ್ಲಿ ಇಡಿ ಅಂದಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ. ನಾವಿನ್ನೂ ಕಾರಿನ ಸಾಲ ಕಟ್ಟುತ್ತಿರುವವರು.

ಕಳೆದ ದಸರಾಕ್ಕೆ ಮನೆಯಲ್ಲಿ ಗೊಂಬೆ ಕೂರಿಸಿದೆವು. ಪುಸ್ತಕದ ಕಪಾಟು ಮಲಗಿಸಿ ಮೆಟ್ಟಿಲು ಮಾಡಿ, ಮೇಲೆ ಬಿಳಿ ಪಂಚೆ ಹಾಸಿದ್ದಾಯಿತು. ತುದಿಗೆ ಅಮ್ಮ ಕಳಿಸಿದ ಪಟ್ಟದ ಗೊಂಬೆ, ಕೆಳಗೆ ಶೆಟ್ಟಿ ಅಂಗಡಿ, ಕ್ರಿಕೆಟ್ ಟೀಮು, ಪಾರ್ಕು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಗಳು ಪಟ್ಟದ ಗೊಂಬೆಯ ಪಕ್ಕ ಒಂದು ಐರ್ನ್ ಬ್ರೂ ಕ್ಯಾನ್ ಇಟ್ಟಿದ್ದಳು. ರಾಜ ರಾಣಿಗೆ ಬಾಯಾರಿಕೆ ಆಗುತ್ತಂತೆ.

"ಛೆ, ತೆಗಿ ಅದನ್ನ, ಯಾರಾದ್ರೂ ಬಂದ್ರೆ ಏನಂತಾರೆ" ಅಂದೆ.

ಹೆಂಡತಿ ನನ್ನ ಮುಖವನ್ನೇ ನೋಡಿದಳು. ನಗುವುದಕ್ಕೆ ಅವಳಿಗೆ ಎರಡು ಸೆಕೆಂಡು ಹಿಡಿಯಿತು, ಆಮೇಲೆ ನಿಲ್ಲಿಸುವುದಕ್ಕೆ ಆಗಲಿಲ್ಲ. ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ದೂರು ಹೋಯಿತು. "ಇರಲಿ ಬಿಡೋ, ನಿಮ್ಮೂರಿನದ್ದು ತಾನೆ" ಅಂದರು ಅಮ್ಮ.

ಕ್ಯಾನ್ ಒಂಬತ್ತು ದಿನವೂ ಅಲ್ಲೇ ಇತ್ತು. ಅದಕ್ಕೂ ಆರತಿ ಆಯಿತು. ವಿಜಯದಶಮಿ ಸಂಜೆ ಮಗಳು ಕುಡಿದಳು.